ಕಡಲಂಚಿನ ಗ್ರಹಣ, ಕಣ್ಣಿನ ಎಚ್ಚರ

2022ರ ಅಕ್ಟೋಬರ್ 25ರ ಸಂಜೆ ಮುಂಬೈಯಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಿಸಿತು. ಗ್ರಹಣ ಹಿಡಿದ 1 ಗಂಟೆ 19 ನಿಮಿಷಕ್ಕೆ ಸೂರ್ಯ ಮುಳುಗಿದ. ಚಂದ್ರ ಮರೆಮಾಡಿದ್ದು ಬಿಂಬದ ನೂರಕ್ಕೆ ಸುಮಾರು 24 ಪಾಲು. ಏಳು ದ್ವೀಪಗಳು ಕೂಡಿ ಬೆಳೆದ ಆ ನಗರದಲ್ಲಿ ಇಳಿಹೊತ್ತಿನ ಸೂರ್ಯ ಕಟ್ಟಡಗಳ ಅಡ್ಡಿಯಿಲ್ಲದೆ ಕಾಣಬೇಕಾದರೆ ಕಡಲ ದಂಡೆಗೇ ಹೋಗಬೇಕು. ಆದರೆ ಅಲ್ಲಿ ತಗ್ಗಿ ಕೆಂಪಾದ ಸೂರ್ಯ ನಮ್ಮ ಎಚ್ಚರವನ್ನೂ ತಗ್ಗಿಸಿಬಿಡುತ್ತಾನೆ. ಕಣ್ಣು ಕುಕ್ಕುತ್ತಿಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಚಂದ್ರ ಸೂರ್ಯನನ್ನು ಎಷ್ಟೇ ಮುಚ್ಚಲಿ, ಉಳಿದ ಭಾಗದ ಪ್ರಖರತೆ ಕಡಿಮೆಯಾಗುವುದಿಲ್ಲ. ತೆಳು ಕುಡಿಯಷ್ಟೇ ಉಳಿದರೂ ಅದರ ಬಿಂಬ ಅಕ್ಷಿಪಟಲದ ಮೇಲೆ ಅಷ್ಟೇ ತೀಕ್ಷ್ಣವಾಗಿ ಬೀಳುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಹಾಗಾಗಿ ಸುಡುವಾಗ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ಮೇಲೆ ನೋಟದ ನಡುವೆ ಕಪ್ಪು ಚುಕ್ಕೆ ಕಂಡಾಗಲೇ ತಿಳಿಯುವುದು. ಪೂರ್ಣಗ್ರಹಣದಲ್ಲಾದರೆ ಬಿಂಬ ಪೂರ್ತಿ ಮರೆಯಾದ ಕೆಲವು ನಿಮಿಷ ಬರಿಗಣ್ಣಿನಿಂದ ನೋಡಬಹುದು. ಪಾರ್ಶ್ವಗ್ರಹಣದಲ್ಲಿ ಅಂಥ ಒಂದು ಕ್ಷಣವೂ ಇಲ್ಲ.

ದಿನವೂ ಸೂರ್ಯಾಸ್ತ ನೋಡುತ್ತೇವಲ್ಲ, ಅದಕ್ಕಿಲ್ಲದ ಭಯ ಇದಕ್ಕೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕ್ಷಿತಿಜ ಮುಟ್ಟುವ ಸೂರ್ಯನ ಬೆಳಕನ್ನು ದಟ್ಟ ವಾಯುಪದರ ಬಹಳವಾಗಿ ಸೋಸುವುದು ನಿಜ. ಆದರೆ ಎಷ್ಟು ಸೋಸುತ್ತದೆ ಎಂಬುದು ಅಂದಿನ ಮಂಜು, ದೂಳಿಗೆ ಬಿಟ್ಟದ್ದು. ಕಣ್ಣಿಗೆ ಕಾಣದ ಅವಕೆಂಪು ಕಿರಣ ಕಡಿಮೆಯಾಯಿತೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ಅಳೆಯಲಾಗದು. ಜೊತೆಗೆ, ಸೂರ್ಯಾಸ್ತವನ್ನು ನಾವು ಆಗಾಗ ಕಣ್ಣಾಡಿಸಿ ನೋಡುತ್ತೇವೆ. ಗ್ರಹಣವನ್ನಾದರೆ, ಸೂರ್ಯ ಇನ್ನೂ ಮೇಲಿರುವಾಗಲೇ, ಎಷ್ಟು ಹಿಡಿಯಿತೆಂದು ನೆಟ್ಟ ಕಣ್ಣಿಂದ ನೋಡುತ್ತೇವೆ. ತೆಳುಮೋಡ ಕವಿದಾಗಲೂ ಇದೇ ಅಪಾಯ: ಮೋಡ ಸರಿದ ಗಳಿಗೆಯಲ್ಲಿ ನೋಟ ಅಲ್ಲೇ ನೆಟ್ಟಿರುತ್ತದೆ.

ಹಿರಿಯರು ತಟ್ಟೆಯಲ್ಲಿ ನೀರಿಟ್ಟು ಗ್ರಹಣ ನೋಡುತ್ತಿದ್ದರು ಎಂಬ ಮಾತೂ ಬರುತ್ತದೆ. ನೇರ ನೋಡಬಾರದೆಂಬ ಅವರ ವಿವೇಕ ದೊಡ್ಡದು, ಸಾಲದಿರುವುದು ಉಪಾಯ. ನೆತ್ತಿಯ ಮೇಲಿನ ಸೂರ್ಯನ ಬೆಳಕಿನಲ್ಲಿ ನೀರು ಪ್ರತಿಫಲಿಸುವುದು ನೂರಕ್ಕೆ 2 ಪಾಲು. ಗ್ರಹಣದ ಕನ್ನಡಕಕ್ಕೆ ಐಎಸ್ಒ 12312-2 ಮಾನದಂಡ ಒಪ್ಪುವ ಗರಿಷ್ಠ ಮಿತಿ ನೂರಕ್ಕೆ 0.0032 ಪಾಲು. ಎಂದರೆ ಆ ನೀರಿನಿಂದ ಬರುವುದು ಇದರ ಆರುನೂರು ಪಟ್ಟಿಗೂ ಹೆಚ್ಚು. ಸೂರ್ಯ ದಿಗಂತದಿಂದ 10 ಡಿಗ್ರಿ ಎತ್ತರಕ್ಕೆ ಇಳಿದಾಗ ನಿಶ್ಚಲ ನೀರು ಬೆಳಕಿನ ಮೂರನೆಯ ಒಂದು ಪಾಲನ್ನೇ ಹಿಂದಿರುಗಿಸುತ್ತದೆ. ಎಕ್ಸ್‌ರೇ ಫಿಲ್ಮ್, ತಂಪು ಕನ್ನಡಕಗಳೂ ಬೇಡ. ಅವು ಹೊಳಪನ್ನಷ್ಟೇ ತಗ್ಗಿಸಿ ಹುಸಿ ಧೈರ್ಯ ಕೊಡುತ್ತವೆ.

ಇಷ್ಟೆಲ್ಲ ತಾಪತ್ರಯವೇಕೆ, ಬಾಗಿಲು ಮುಚ್ಚಿ ಒಳಗಿದ್ದರಾಯಿತಲ್ಲ ಎಂದರೆ ಅದನ್ನು ಒಪ್ಪಲಾರೆ. ಗ್ರಹಣ ಕಾಲದಲ್ಲಿ ಸೂರ್ಯನಿಂದ ಹೊಸ ಕಿರಣವೇನೂ ಹೊರಡುವುದಿಲ್ಲ. ಅಂಗಳದಲ್ಲಿ ನಿಂತವರಿಗೆ ಎಂದಿನದೇ ಬಿಸಿಲು. ಬೇಡವಾದದ್ದು ನೇರ ನೋಟ ಮಾತ್ರ. ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಎರಡು ಮೀಟರ್ ಆಚೆಯ ಬಿಳಿ ಹಾಳೆಯ ಮೇಲೆ ಬೆಳಕು ಬೀಳುವಂತೆ ಹಿಡಿಯಿರಿ. ಸುಮಾರು 18 ಮಿಲಿಮೀಟರ್ ಅಗಲದ ಬಿಂಬ ಮೂಡುತ್ತದೆ. ಅದರ ಅಂಚು ನಿಧಾನವಾಗಿ ಸವೆಯುವುದನ್ನು ಮನೆಮಂದಿಯೆಲ್ಲ ಸುತ್ತ ನಿಂತು ನೋಡಬಹುದು. ರಟ್ಟಿನ ತೂತಿನಿಂದ ಸೂರ್ಯನನ್ನು ಮಾತ್ರ ನೋಡಬಾರದು.

2027ರ ಆಗಸ್ಟ್ 2ರಂದು ಮುಂಬೈಗೆ ಮತ್ತೊಂದು ಪಾರ್ಶ್ವಗ್ರಹಣವಿದೆ. ಅದು ಮಳೆಗಾಲ, ಮೋಡ ಬಿಟ್ಟುಕೊಟ್ಟಷ್ಟೇ ದರ್ಶನ. ಅಷ್ಟು ಹೊತ್ತಿಗೆ ಗೀರಿಲ್ಲದ, ಮಾನದಂಡಕ್ಕೆ ಒಪ್ಪುವ ಕನ್ನಡಕವೊಂದನ್ನು ಮುಂಚಿತವಾಗಿ ತಂದಿಟ್ಟುಕೊಂಡರೆ, ಮಕ್ಕಳಿಗೆ ‘ನೋಡಬೇಡಿ’ ಎನ್ನುವ ಬದಲು ‘ಹೀಗೆ ನೋಡಿ’ ಎನ್ನಬಹುದು.