ಠಾಣೆಯ ರೈಲಿಗೆ ಬಾರದ ಗವರ್ನರರು



ಈ ಸಭೆಗೆ ನಮ್ಮಲ್ಲಿ ಬಹುಮಂದಿ ರೈಲಿನಲ್ಲಿಯೇ ಬಂದಿದ್ದೇವೆ. ಆದುದರಿಂದ ರೈಲಿನಿಂದಲೇ ಆರಂಭಿಸುತ್ತೇನೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. 14 ಡಬ್ಬಿಗಳು, ಸುಮಾರು 400 ಅತಿಥಿಗಳು, 21 ತೋಪುಗಳ ಗೌರವ. ಮುಂಬಯಿ ಗವರ್ನರರ ಪತ್ನಿ ಲೇಡಿ ಫಾಕ್‌ಲ್ಯಾಂಡ್ ಗಾಡಿಯಲ್ಲಿದ್ದರು; ಗವರ್ನರರು ಇರಲಿಲ್ಲ. ಅವರೂ ಮುಂಬಯಿ ಸೈನ್ಯದ ಸೇನಾಪತಿ ಲಾರ್ಡ್ ಫ್ರೆಡರಿಕ್ ಫಿಟ್ಸ್‌ಕ್ಲಾರೆನ್ಸರೂ ಹಿಂದಿನ ಸಂಜೆಯೇ ಗಿರಿಧಾಮಕ್ಕೆ ಹೊರಟುಹೋಗಿದ್ದರು.

ಸರಕಾರಿ ನೌಕರಿಯಲ್ಲಿ ಮೂರು ದಶಕ ಸವೆಸಿದ ನನ್ನಂಥವನ ಕಣ್ಣು ಪತ್ರಿಕೆಯಲ್ಲಿ ಮೊದಲು ಹುಡುಕುವುದು ವರ್ಗಾವಣೆಯ ಸುದ್ದಿಯನ್ನು. ಆ ಕಾಲದ ಆಂಗ್ಲ ಪತ್ರಿಕೆಗಳಲ್ಲಿ ಇದಕ್ಕೆ ಬರವಿರಲಿಲ್ಲ. ಯಾರಿಗೆ ಬಡ್ತಿ, ಯಾರಿಗೆ ರಜೆ, ಯಾವ ಹಡಗಿನಲ್ಲಿ ಯಾರು ಬಂದಿಳಿದರು, ಯಾರ ಮನೆಯಲ್ಲಿ ಜನನ, ಮದುವೆ, ಮರಣ! ಒಣ ಮಾಹಿತಿಯೆಂದು ಈ ಪುಟಗಳನ್ನು ಮಗುಚಿ ಹಾಕುವ ಸಂಶೋಧಕರೇ ಹೆಚ್ಚು. ಆದರೆ ಒಬ್ಬ ಅಧಿಕಾರಿ ಎಲ್ಲಿಂದ ಬಂದ, ಅಲ್ಲಿಂದ ಏಕೆ ಹೊರಟ ಎಂಬ ಎಳೆಯನ್ನು ಹಿಡಿದು ಹೋದರೆ ಅದು ನಮ್ಮೂರಿಗೇ ಬಂದು ಮುಟ್ಟುವುದುಂಟು.

ಲಾರ್ಡ್ ಫಾಕ್‌ಲ್ಯಾಂಡರನ್ನೇ ನೋಡೋಣ. ಅವರು ದೊರೆ ನಾಲ್ಕನೆಯ ವಿಲಿಯಮ್ಮನ ಶಯನಾಗಾರದ ಪರಿಚಾರಕ ಪ್ರಭುಗಳಲ್ಲಿ ಒಬ್ಬರು. ಆ ದೊರೆಯ ವಿವಾಹಬಾಹಿರ ಮಗಳು ಅಮೀಲಿಯಾ ಅವರ ಹೆಂಡತಿ. ಸೇನಾಪತಿ ಫಿಟ್ಸ್‌ಕ್ಲಾರೆನ್ಸ್ ಆಕೆಯ ಅಣ್ಣ. ಎಂದರೆ ಮುಂಬಯಿ ಇಲಾಖೆಯ ಆಡಳಿತವೂ ಸೈನ್ಯವೂ ಆಗ ಭಾವ ಭಾವಮೈದುನರ ಕೈಯಲ್ಲಿದ್ದವು.

ಫಾಕ್‌ಲ್ಯಾಂಡರು 1840ರಿಂದ 1846ರವರೆಗೆ ಈಗಿನ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಗವರ್ನರರಾಗಿದ್ದರು. ಅಲ್ಲಿ ಅವರಿಗೆ ಎದುರಾದವನು ಜೋಸೆಫ್ ಹೌ ಎಂಬ ಪತ್ರಕರ್ತ. 1835ರಲ್ಲಿ ತನ್ನ ಮೇಲಿನ ಮಾನಹಾನಿ ಮೊಕದ್ದಮೆಯಲ್ಲಿ ವಕೀಲರಿಲ್ಲದೆ ಆರು ಗಂಟೆಗೂ ಮಿಕ್ಕಿ ತಾನೇ ವಾದಿಸಿ ಬಿಡುಗಡೆ ಹೊಂದಿದ್ದ ಗಟ್ಟಿಗ. ಜನಪ್ರತಿನಿಧಿಗಳಿಗೆ ಹೊಣೆಯಾದ ಸರಕಾರ ಬೇಕೆಂಬುದು ಅವನ ಪಟ್ಟು. 1844ರಲ್ಲಿ ಮರಳಿ ಸಂಪಾದಕ ಪೀಠವನ್ನೇರಿ, ಗವರ್ನರರ ಆ ಶಯನಾಗಾರದ ಪದವಿಯನ್ನೇ ಹಿಡಿದು ವಿಡಂಬನೆಯ ಪದ್ಯ ಕಟ್ಟಿದ. ಊರೆಲ್ಲ ನಕ್ಕ ಮೇಲೆ ಅಧಿಕಾರಿಗೆ ಉಳಿಯುವುದೇನು? 1846ರಲ್ಲಿ ಫಾಕ್‌ಲ್ಯಾಂಡರು ಅಲ್ಲಿಂದ ಹೊರಟರು. ಎರಡೇ ವರ್ಷಗಳಲ್ಲಿ, 1848ರ ಮೇ ತಿಂಗಳಲ್ಲಿ, ಮುಂಬಯಿಯ ಗವರ್ನರರಾದರು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಅವರು ಬರುವ ತಿಂಗಳ ಹಿಂದೆಯಷ್ಟೇ ಸಾತಾರೆಯ ಛತ್ರಪತಿ ಶಹಾಜಿ ತೀರಿಕೊಂಡಿದ್ದರು. ಸಾಯುವ ಮುನ್ನ ದತ್ತಕ ಸ್ವೀಕರಿಸಿದ್ದರು. ದತ್ತಕವನ್ನು ಮನ್ನಿಸಿ ಸಂಸ್ಥಾನವನ್ನು ಉಳಿಸಬೇಕೆಂದು ಹಿಂದಿನ ಗವರ್ನರ್ ಸರ್ ಜಾರ್ಜ್ ಕ್ಲಾರ್ಕ್ ಅಭಿಪ್ರಾಯಪಟ್ಟಿದ್ದರು. ಹೊಸಬರಾದ ಫಾಕ್‌ಲ್ಯಾಂಡರು ಸೇರಿಸಿಕೊಳ್ಳುವ ಪಕ್ಷ ಹಿಡಿದರು. ಡಾಲ್‌ಹೌಸಿಗೆ ಬೇಕಾಗಿದ್ದುದೂ ಅದೇ. ಹೀಗೆ ಸಾತಾರೆ ಕಂಪೆನಿಯ ಪಾಲಾಯಿತು.

ಸಾತಾರೆಯೆಂದರೆ ಮರಾಠಿ ನಾಡಷ್ಟೇ ಎಂದು ಭಾವಿಸಬೇಡಿ. 1818ರ ಏರ್ಪಾಡಿನಲ್ಲಿ ವಿಜಾಪುರವೂ ಆ ಸಂಸ್ಥಾನಕ್ಕೆ ಸೇರಿತ್ತು. ಗೋಳಗುಮ್ಮಟದ ನೆರಳಿನ ಕನ್ನಡ ಮಂದಿಯ ಒಡೆತನ ಹೀಗೆ ಕೈ ಬದಲಾಯಿಸಿತು. 1864ರಲ್ಲಿ ಕಲಾದಗಿ ಜಿಲ್ಲೆ ಆಗುವವರೆಗೆ ಅವರ ಜಿಲ್ಲೆ ಯಾವುದೆಂಬುದೂ ನೆಟ್ಟಗೆ ನಿಂತಿರಲಿಲ್ಲ. ಡೊಂಬಿವಲಿ ಕಲ್ಯಾಣಗಳಲ್ಲಿ ನೆಲೆಸಿರುವ ವಿಜಾಪುರದ ಬಂಧುಗಳು ಇದನ್ನು ಗಮನಿಸಬೇಕು.

ನೋವಾ ಸ್ಕೋಶಿಯಾದಲ್ಲಿ ಗವರ್ನರರನ್ನು ಪ್ರಶ್ನಿಸಲು ಶಾಸನಸಭೆಯಿತ್ತು, ಹೌನ ಪತ್ರಿಕೆಯಿತ್ತು. ವಿಜಾಪುರದ ರೈತನಿಗೆ ಎರಡೂ ಇರಲಿಲ್ಲ. 1843ರಲ್ಲಿ ಹುಟ್ಟಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ದೂರದ ಮದ್ರಾಸು ಇಲಾಖೆಯದು. ಮುಂಬಯಿಯ ಆಂಗ್ಲ ಪತ್ರಿಕೆಗಳು ಅವನಿಗೆ ಓದಲೂ ಬರುವಂತಿರಲಿಲ್ಲ. ಒಂದೇ ಮನುಷ್ಯ, ಒಂದೇ ಸಾಮ್ರಾಜ್ಯ; ಒಂದೆಡೆ ನಗೆಪಾಟಲು, ಇನ್ನೊಂದೆಡೆ ತೋಪುಗಳ ಗೌರವ.

ಫಾಕ್‌ಲ್ಯಾಂಡರು 1853ರ ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟರು. ಮರುವರ್ಷ ಮೇ 1ರಂದು ರೈಲು ಕಲ್ಯಾಣವನ್ನು ಮುಟ್ಟಿತು. ಅದೇ ಅಕ್ಟೋಬರಿನಲ್ಲಿ ಫಿಟ್ಸ್‌ಕ್ಲಾರೆನ್ಸ್ ಪುರಂದರದ ಬೆಟ್ಟದಲ್ಲಿ ತೀರಿಕೊಂಡರು. ಲೇಡಿ ಫಾಕ್‌ಲ್ಯಾಂಡರು ತಮ್ಮ ದಿನಚರಿಯನ್ನು ‘ಚೌ-ಚೌ’ ಎಂಬ ಹೆಸರಿನಲ್ಲಿ 1857ರಲ್ಲಿ ಪ್ರಕಟಿಸಿದರು. ಆಸಕ್ತಿಯುಳ್ಳ ತರುಣರು ಅದನ್ನು ಹುಡುಕಿ ಓದಬಹುದು.