ಮಕ್ಕಳು ಕರೆತರುವ ಅತಿಥಿಗಳು



ಮನೆಗೆ ಬರುವ ಅತಿಥಿಗಳು ಎರಡು ಬಗೆಯವರೆಂದು ಹೇಳುವುದುಂಟು: ಹೇಳಿ ಬರುವವರು, ಹೇಳದೆ ಬರುವವರು. ಮಕ್ಕಳಿರುವ ಮನೆಗೆ ಮೂರನೆಯ ಬಗೆಯವರೂ ಬರುತ್ತಾರೆ. ಅವರು ಬರುವುದು ಅಂಗಿಯ ಜೇಬಿನಲ್ಲಿ, ತಿಂಡಿಯ ಡಬ್ಬಿಯಲ್ಲಿ, ಲಂಗದ ಮಡಿಲಿನಲ್ಲಿ. ಎಷ್ಟು ದಿನ ಇರುತ್ತೀರೆಂದು ಅವರನ್ನು ಕೇಳುವಂತಿಲ್ಲ. ಕರೆತಂದವರನ್ನು ಕೇಳಿದರೆ "ಯಾವಾಗಲೂ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಾಯಿ, ಬೆಕ್ಕು, ಹಸುಗಳ ಮಾತು ಬೇರೆ. ಅವು ಸಹಸ್ರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿ ಅವನ ಮನೆಯ ರೀತಿನೀತಿಗಳನ್ನು ಅರಿತಿವೆ. ಅವನೂ ಅವುಗಳ ಹಸಿವು ಕೋಪಗಳನ್ನು ಅರಿತಿದ್ದಾನೆ. ನಾನು ಈ ದಿನ ಹೇಳಬೇಕೆಂದಿರುವುದು ಅಂತಹ ಹಳೆಯ ಪರಿಚಯವಿಲ್ಲದ ಅತಿಥಿಗಳ ವಿಷಯ. ಕೆಲವು ವರ್ಷಗಳ ಅವಧಿಯಲ್ಲಿ ನಮ್ಮ ಮನೆಯಲ್ಲಿ ಒಂದು ಅಳಿಲು, ಒಂದು ಆಮೆ ಮತ್ತು ನಲವತ್ತು ರೇಷ್ಮೆ ಹುಳುಗಳು ವಾಸಮಾಡಿದುವು. ನಾನು ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ನಮ್ಮ ಮನೆಯಲ್ಲಿರುವವರು ನಾನು, ನನ್ನ ಹೆಂಡತಿ, ಮಡಿ ಆಚಾರಗಳನ್ನು ಬಿಡದ ನನ್ನ ವೃದ್ಧ ತಾಯಿ, ಒಬ್ಬ ಮಗ, ಅವನಿಗಿಂತ ಮೂರು ವರ್ಷ ಚಿಕ್ಕವಳಾದ ಒಬ್ಬ ಮಗಳು. ಈ ಅತಿಥಿಗಳಿಂದ ನಾವು ಐವರೂ ಕಲಿತುದನ್ನು, ಅದರಲ್ಲಿಯೂ ತಪ್ಪುಮಾಡಿ ಕಲಿತುದನ್ನು, ನಿಮ್ಮ ಮುಂದಿಡುತ್ತೇನೆ.

ಮೊದಲು ಬಂದುದು ಅಳಿಲು. ಒಂದು ಸಂಜೆ ಗಾಳಿಮಳೆಯಾದ ಮೇಲೆ ಹಿತ್ತಲಿನ ತೆಂಗಿನ ಮರದ ಬುಡದಲ್ಲಿ ಕಣ್ಣು ಬಿಡದ ಒಂದು ಮರಿ ಬಿದ್ದಿತ್ತು. ಮೈಮೇಲೆ ಕೂದಲು ಸರಿಯಾಗಿ ಮೂಡಿರಲಿಲ್ಲ. ಬೆನ್ನಿನ ಮೂರು ಗೆರೆಗಳು ಮಾತ್ರ ಮಸುಕಾಗಿ ಕಾಣುತ್ತಿದ್ದುವು. ಮಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದ. ಸೇತುವೆಯ ಕಾಲದಲ್ಲಿ ಶ್ರೀರಾಮನಿಗೆ ಸೇವೆಮಾಡಿದ ವಂಶದ ಕೂಸೆಂದು ನನ್ನ ತಾಯಿ ತಮ್ಮ ಹಳೆಯ ಸೀರೆಯ ತುಂಡನ್ನೇ ಹಾಸಿಗೆಗೆ ಕೊಟ್ಟರು. ನನ್ನ ಹೆಂಡತಿ ಹಸುವಿನ ಹಾಲನ್ನು ಬೆಚ್ಚಗೆ ಮಾಡಿದಳು. ಕಣ್ಣಿಗೆ ಔಷಧ ಬಿಡುವ ನಳಿಗೆಯಿಂದ, ಮರಿಯನ್ನು ಅಂಗಾತ ಮಲಗಿಸಿ, ಗಂಟೆಗೊಮ್ಮೆ ಹಾಲು ಕುಡಿಸಿದವನು ನಾನು. ಮೂರನೆಯ ದಿನ ಬೆಳಗ್ಗೆ ಅದು ಸತ್ತಿತ್ತು.

ಮಗ ಅಳಲಿಲ್ಲ. "ನಾವೇನೂ ಕಡಿಮೆ ಮಾಡಲಿಲ್ಲ ಅಲ್ಲವೆ, ಅಪ್ಪ?" ಎಂದು ಕೇಳಿದ. "ಏನೂ ಕಡಿಮೆ ಮಾಡಲಿಲ್ಲ" ಎಂದು ನಾನು ಹೇಳಿದೆ.

ಕೆಲವು ದಿನಗಳ ಮೇಲೆ ಪರಿಚಿತರಾದ ಪಶುವೈದ್ಯರೊಬ್ಬರಲ್ಲಿ ಈ ವಿಷಯವನ್ನೆತ್ತಿದಾಗ ಅವರು ನಿಧಾನವಾಗಿ ವಿವರಿಸಿದರು. ಹಸುವಿನ ಹಾಲು ಕರುವಿಗೆಂದು ಇರುವುದು. ಅಳಿಲಿನ ಮರಿಗೆ ಅದು ಜೀರ್ಣವಾಗದೆ ಭೇದಿ ಹತ್ತುತ್ತದೆ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಎಲ್ಲಕ್ಕಿಂತ ಮುಖ್ಯವಾದುದು, ಮರಿಯನ್ನು ಮನೆಯೊಳಕ್ಕೆ ತರುವ ಅಗತ್ಯವೇ ಬಹುಶಃ ಇರಲಿಲ್ಲ. ಗಾಯವಾಗಿರದಿದ್ದರೆ ಅದನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಬೆಚ್ಚಗಿಟ್ಟು, ಬೆಕ್ಕಿಗೆ ಎಟುಕದಂತೆ ಅದೇ ಮರಕ್ಕೆ ಕಟ್ಟಿ ದೂರ ಸರಿದರೆ, ಅನೇಕ ವೇಳೆ ತಾಯಿಯೇ ಬಂದು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ.

ನಾವು ಕಡಿಮೆ ಮಾಡಿರಲಿಲ್ಲ, ಹೆಚ್ಚು ಮಾಡಿದ್ದೆವು. ಇದನ್ನು ಮಗನಿಗೆ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೋಧಿಸುವುದು ಸುಲಭ. ಹೇಳಿದ ಸುಳ್ಳನ್ನು ಅವರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಎಲ್ಲವನ್ನೂ ಕೇಳಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಮರುವರ್ಷ ಅದೇ ಮರದಿಂದ ಇನ್ನೊಂದು ಮರಿ ಬಿದ್ದಾಗ ಬುಟ್ಟಿಯನ್ನು ಕಟ್ಟಿದವನು ಅವನೇ. ನಾವೆಲ್ಲರೂ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ಕುಳಿತೆವು. ಒಂದು ಗಂಟೆ ಕಳೆದ ಮೇಲೆ ತಾಯಿ ಅಳಿಲು ಇಳಿದು ಬಂದಿತು. ಬುಟ್ಟಿಯ ಅಂಚಿನಲ್ಲಿ ಕುಳಿತು ಸುತ್ತಲೂ ನೋಡಿ, ಮರಿಯನ್ನು ಕಚ್ಚಿಕೊಂಡು ಮೇಲೇರಿ ಹೋಯಿತು. ಆ ಹುಡುಗನ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಅವನ ಯಾವ ಪರೀಕ್ಷೆಯ ಫಲಿತಾಂಶದ ದಿನವೂ ಕಂಡಿಲ್ಲ.

ಎರಡನೆಯ ಅತಿಥಿ ಆಮೆ. ಮನೆಯಲ್ಲಿ ಆಮೆಯಿದ್ದರೆ ಐಶ್ವರ್ಯ ನೆಲಸುವುದೆಂಬ ನಂಬಿಕೆಯಿಂದ ಬಂಧುಗಳೊಬ್ಬರು ಅದನ್ನು ಮಗಳ ಹುಟ್ಟುಹಬ್ಬಕ್ಕೆ ತಂದುಕೊಟ್ಟರು. ಕಪ್ಪು ಚಿಪ್ಪಿನ ಮೇಲೆ ಹಳದಿಯ ಗೆರೆಗಳು ನಕ್ಷತ್ರಗಳಂತೆ ಹರಡಿದ್ದ ನಕ್ಷತ್ರ ಆಮೆ. ಮಗಳು ಅದಕ್ಕೆ ಧ್ರುವನೆಂದು ಹೆಸರಿಟ್ಟಳು. ನಕ್ಷತ್ರವೂ ಆಯಿತು, ಕದಲದಿರುವುದೂ ಆಯಿತು. ಆಮೆಯೆಂದರೆ ನೀರಿನಲ್ಲಿರಬೇಕೆಂದು ನಾವು ಅದನ್ನು ಅಗಲವಾದ ಬೋಗುಣಿಯ ನೀರಿನಲ್ಲಿಟ್ಟೆವು. ಅನ್ನದ ಅಗುಳು ಹಾಕಿದೆವು. ಎರಡೂ ತಪ್ಪು. ಅದು ನೆಲದ ಆಮೆ; ಕುರುಚಲು ಕಾಡು, ಹುಲ್ಲುಗಾವಲುಗಳ ಒಣನೆಲದಲ್ಲಿ ಹುಲ್ಲು ಸೊಪ್ಪುಗಳನ್ನು ಮೇದು ಬದುಕುವುದು; ಆಳವಾದ ನೀರಿನಲ್ಲಿ ಈಜಲಾರದು. ಸುಣ್ಣದ ಅಂಶವೂ ಬಿಸಿಲೂ ಸಾಲದೆ, ಸಲ್ಲದ ಆಹಾರವನ್ನು ತಿಂದು ಬೆಳೆದ ಮರಿಗಳ ಚಿಪ್ಪು ವಿಕಾರವಾಗುತ್ತದೆ.

ಇದನ್ನು ತಿಳಿಸಿದ ಪಶುವೈದ್ಯರೇ ಇನ್ನೊಂದು ಮಾತನ್ನೂ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಪಂಜರದಲ್ಲಿಟ್ಟು ರಾಮ ರಾಮ ಎನ್ನಿಸುವ ನಮ್ಮ ನಾಡಿನ ಗಿಣಿಯನ್ನು ಸಾಕುವುದೂ ಹಾಗೆಯೇ. ಈ ಆಮೆಗಳನ್ನು ಹೊಲಗದ್ದೆಗಳ ಅಂಚಿನಲ್ಲಿ ಹಿಡಿದು, ಚೀಲಗಳಲ್ಲಿ ತುರುಕಿ, ಹಡಗು ವಿಮಾನಗಳಲ್ಲಿ ಕಳ್ಳತನದಿಂದ ಹೊರದೇಶಗಳಿಗೆ ಸಾಗಿಸುತ್ತಾರೆ. ದಾರಿಯಲ್ಲಿಯೇ ಸಾಯುವುವು ಎಷ್ಟೋ. ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದರು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಈ ಜಾತಿಯನ್ನು ತನ್ನ ಮೊದಲನೆಯ ಪಟ್ಟಿಗೆ ಸೇರಿಸಿ, ಕಾಡಿನಿಂದ ಹಿಡಿದುದನ್ನು ದೇಶದೇಶಗಳ ನಡುವೆ ಮಾರುವುದನ್ನು ನಿಷೇಧಿಸಿತು.

ನನ್ನ ಮನಸ್ಸಿನ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಗೋಡೆಯೊಳಗಿನ ಆಮೆಯನ್ನು ಯಾರು ನೋಡಲು ಬರುತ್ತಾರೆ, ಮಗುವಿನ ಮನಸ್ಸನ್ನು ಏಕೆ ನೋಯಿಸಬೇಕು, ಎಂದು ನಾನು ಎರಡು ವಾರ ಸುಮ್ಮನಿದ್ದೆ. ನನ್ನನ್ನು ಎಚ್ಚರಿಸಿದುದು ಕಾಯಿದೆಯಲ್ಲ, ನನ್ನ ತಾಯಿ. ಅವರು ಹಿತ್ತಲಿನ ಜಗುಲಿಯ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತು ಆಮೆಯನ್ನು ನೋಡುತ್ತಿದ್ದರು. ಒಂದು ದಿನ ಮೊಮ್ಮಗಳನ್ನು ಕರೆದು, "ನೋಡೇ ಮಗು, ಇದು ಬೆಳಗಿನಿಂದ ಗೋಡೆಗೆ ಮೈ ಉಜ್ಜಿಕೊಂಡು ಸುತ್ತುತ್ತಲೇ ಇದೆ. ಮೂಲೆಗೆ ಹೋಗುತ್ತೆ, ತಿರುಗುತ್ತೆ, ಮತ್ತೆ ಇನ್ನೊಂದು ಮೂಲೆ. ಬಾಗಿಲು ಹುಡುಕುತ್ತಾ ಇದೆ ಅಂತ ಕಾಣುತ್ತೆ" ಎಂದರು. ಹುಡುಗಿ ಅಂದು ಸಂಜೆಯವರೆಗೂ ಅದರ ಹಿಂದೆಯೇ ನಡೆದಳು. ರಾತ್ರಿ ನನ್ನ ಬಳಿ ಬಂದು, "ಅಪ್ಪ, ಧ್ರುವನಿಗೆ ನಮ್ಮ ಮನೆ ಇಷ್ಟವಿಲ್ಲ" ಎಂದು ಅತ್ತಳು.

ಮರುದಿನ ನಾವಿಬ್ಬರೂ ಹೋಗಿ ಅದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಊರಾಚೆಯ ಹೊಲದಲ್ಲಿ ನಾವೇ ಬಿಟ್ಟುಬಿಡಬಹುದಿತ್ತಲ್ಲವೆ ಎಂದು ಕೆಲವರು ಕೇಳುತ್ತಾರೆ. ಅದೂ ಸಲ್ಲದು. ಅದು ಯಾವ ಸೀಮೆಯದೆಂದು ನಮಗೆ ತಿಳಿಯದು; ಮನೆಯಲ್ಲಿದ್ದು ಅಂಟಿಸಿಕೊಂಡ ರೋಗವನ್ನು ಅದು ಕಾಡಿನ ಆಮೆಗಳಿಗೆ ಹರಡಬಹುದು. ಇನ್ನೂ ದೊಡ್ಡ ಅನರ್ಥಕ್ಕೆ ಅಮೆರಿಕದ ಮಿಸಿಸಿಪಿ ನದಿಯ ಕಡೆಯ ಕೆಂಪುಕಿವಿಯ ಆಮೆಯೇ ಸಾಕ್ಷಿ. ಅಂಗಡಿಯಲ್ಲಿ ಅದು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಮುದ್ದಾಗಿರುತ್ತದೆ. ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟು ಬೆಳೆಯುತ್ತದೆ. ಮೂವತ್ತು ವರ್ಷವೂ ಬದುಕಬಹುದು. ಕೊಂಡ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿರುತ್ತದೆ. ಬೇಸತ್ತವರು ಪುಣ್ಯ ಬರಲೆಂದು ಅದನ್ನು ಕೆರೆಗೆ ಬಿಡುತ್ತಾರೆ. ಅದು ಅಲ್ಲಿಯ ಮೂಲನಿವಾಸಿಗಳಾದ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಲೋಕದಲ್ಲಿ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು.

ಆಮೆ ಹೋದ ಮೇಲೆ ಮನೆ ಬರಿದಾಯಿತೆಂದು ಮಗಳು ಸೊರಗಿದಳು. ಆಗ ಕನಕಪುರದ ಕಡೆಯ ರೈತರಾದ ಸ್ನೇಹಿತರೊಬ್ಬರು ಎರಡನೆಯ ಜ್ವರದಿಂದ ಎದ್ದ ನಲವತ್ತು ರೇಷ್ಮೆ ಹುಳುಗಳನ್ನು ಒಂದು ಮೊರದಲ್ಲಿಟ್ಟು ಕಳುಹಿಸಿದರು. ಹುಳು ಪೊರೆ ಬಿಡುವುದಕ್ಕೆ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ನಿಶ್ಚಲವಾಗಿರುತ್ತದೆ. ಅದನ್ನೇ ನಮ್ಮ ರೈತರು ಜ್ವರವೆನ್ನುತ್ತಾರೆ. ನಾಲ್ಕು ಜ್ವರಗಳನ್ನು ದಾಟಿ ಸುಮಾರು ಇಪ್ಪತ್ತೈದು ದಿನಗಳಲ್ಲಿ ಹುಳು ಹಣ್ಣಾಗುತ್ತದೆ. ಅಷ್ಟರಲ್ಲಿ ಅದರ ತೂಕ ಹುಟ್ಟಿದಾಗ ಇದ್ದುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಹೆಚ್ಚಿರುತ್ತದೆ. ಮಗ ಪ್ರತಿದಿನವೂ ಬೈಸಿಕಲ್ಲಿನಲ್ಲಿ ಹೋಗಿ ಔಷಧ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪನ್ನು ತರುತ್ತಿದ್ದ. ಇರುವೆ ಹತ್ತದಂತೆ ಮೊರವನ್ನಿಟ್ಟ ಮೇಜಿನ ಕಾಲುಗಳಿಗೆ ನೀರಿನ ಬಟ್ಟಲುಗಳನ್ನಿಟ್ಟೆವು. ಕೊನೆಯ ವಾರ ರಾತ್ರಿ ದೀಪವಾರಿಸಿದ ಮೇಲೆ, ಹುಳುಗಳು ಸೊಪ್ಪು ಮೇಯುವ ಸದ್ದು ಎಲೆಗಳ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳಿಸುತ್ತಿತ್ತು.

ಈ ಅತಿಥಿ ಮೊದಲಿನ ಇಬ್ಬರಂತಲ್ಲ. ಅಳಿಲಿಗೆ ಮರವಿತ್ತು, ಆಮೆಗೆ ಬಯಲಿತ್ತು. ರೇಷ್ಮೆ ಹುಳುವಿಗೆ ಮನುಷ್ಯನನ್ನು ಬಿಟ್ಟರೆ ಗತಿಯಿಲ್ಲ. ಸಹಸ್ರಾರು ವರ್ಷಗಳ ಸಾಕಣೆಯಿಂದ ಅದು ಮೇವನ್ನು ಹುಡುಕಿಕೊಂಡು ಹೋಗುವುದನ್ನು ಮರೆತಿದೆ. ಅದರ ಚಿಟ್ಟೆಗೆ ರೆಕ್ಕೆಯಿದ್ದೂ ಹಾರಲು ಬಾರದು, ಆಹಾರ ತಿನ್ನಲು ಬಾಯಿಲ್ಲ. ಅದನ್ನು ಬಿಟ್ಟುಬಿಡುವುದೆಂದರೆ ಕೊಲ್ಲುವುದು. ಹೀಗೆ ಪೂರ್ಣವಾಗಿ ನಮ್ಮದಾದ ಜೀವಿಗೆ ನಮ್ಮ ಹೊಣೆಯೂ ಪೂರ್ಣವಾಗಿರುತ್ತದೆ. ಒಂದು ಹೊತ್ತು ಸೊಪ್ಪು ತಡವಾದರೆ ಅವು ಕೂಗುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಮೌನವಾಗಿ ತಲೆಯೆತ್ತಿ ಕಾಯುತ್ತವೆ. ಮಗನಿಗೆ ಆಟಕ್ಕಿಂತ ಸೊಪ್ಪು ಮೊದಲೆಂಬುದನ್ನು ಕಲಿಸಿದುದು ಆ ಮೌನ.

ಹುಳುಗಳು ಹಣ್ಣಾದಾಗ ಒಣಕಡ್ಡಿಗಳಿಂದ ಚಿಕ್ಕದೊಂದು ಚಂದ್ರಿಕೆಯನ್ನು ಮಾಡಿಕೊಟ್ಟೆವು. ಎರಡು ಮೂರು ದಿನಗಳಲ್ಲಿ ಒಂದೊಂದು ಹುಳುವೂ ತನ್ನ ಸುತ್ತ ಗೂಡು ಕಟ್ಟಿ ಮರೆಯಾಯಿತು. ತಳಿಗೆ ತಕ್ಕಂತೆ ಒಂದು ಗೂಡಿನಲ್ಲಿ ಕೆಲವು ನೂರು ಮೀಟರುಗಳಿಂದ ಹಿಡಿದು ಸಾವಿರ ಮೀಟರಿಗೂ ಮೀರಿದ ಒಂದೇ ಎಳೆಯಿರುತ್ತದೆಂದು ನಾನು ವಿವರಿಸುತ್ತಿದ್ದೆ. ಟಿಪ್ಪು ಸುಲ್ತಾನನು ಈ ಕಸುಬನ್ನು ಮೈಸೂರು ಸೀಮೆಗೆ ತಂದುದನ್ನೂ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿದುದನ್ನೂ ಹೇಳಿದೆ. ಮಗಳು ನಡುವೆ ಕೇಳಿದಳು: "ಎಳೆ ತೆಗೆಯುವಾಗ ಒಳಗಿರುವ ಹುಳು ಏನಾಗುತ್ತೆ?"

ಅಳಿಲಿನ ವಿಷಯದಲ್ಲಿ ಸುಳ್ಳು ಹೇಳಿ ಪಟ್ಟ ಪಾಡು ನನಗೆ ನೆನಪಿತ್ತು. ಚಿಟ್ಟೆ ಗೂಡನ್ನು ತೂತುಮಾಡಿ ಬಂದರೆ ಎಳೆ ಕಡಿದುಹೋಗುವುದರಿಂದ, ಅದಕ್ಕೆ ಮೊದಲೇ ಒಳಗಿನ ಕೋಶವನ್ನು ಬಿಸಿಯಿಂದ ಕೊಂದು ಗೂಡನ್ನು ಬೇಯಿಸುತ್ತಾರೆಂದು ಇದ್ದುದನ್ನು ಇದ್ದಂತೆ ಹೇಳಿದೆ. ಹುಡುಗಿ ಅಜ್ಜಿಯ ಕಡೆಗೆ ತಿರುಗಿದಳು. "ಅಜ್ಜಿ, ನಿನ್ನ ಮಡಿಸೀರೆಗೆ ಎಷ್ಟು ಹುಳು?" ನನ್ನ ತಾಯಿ ನನ್ನ ಮುಖ ನೋಡಿದರು. "ಸಾವಿರಾರು" ಎಂದೆ. ಅವರು ಏನೂ ಮಾತನಾಡದೆ ಒಳಗೆ ಹೋದರು.

ನಮ್ಮ ನಲವತ್ತು ಗೂಡುಗಳನ್ನು ಯಾರೂ ಬೇಯಿಸಲಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಬಿಳಿಯ ಚಿಟ್ಟೆಗಳು ಹೊರಬಂದು, ಮೊಟ್ಟೆಯಿಟ್ಟು, ಕೆಲವು ದಿನ ಬದುಕಿ ಸತ್ತುವು. ಮೊಟ್ಟೆಗಳನ್ನು ಮಾತ್ರ ನಾವು ಮರಿಯಾಗಲು ಬಿಡಲಿಲ್ಲ. ಒಂದೊಂದು ಹೆಣ್ಣು ಚಿಟ್ಟೆ ನಾಲ್ಕೈದು ನೂರು ಮೊಟ್ಟೆಗಳನ್ನಿಡುತ್ತದೆ. ಅಷ್ಟು ಬಾಯಿಗಳಿಗೆ ಸೊಪ್ಪು ತರುವ ಶಕ್ತಿ ನಮ್ಮ ಬೈಸಿಕಲ್ಲಿಗಿರಲಿಲ್ಲ. ಇದನ್ನೂ ಮಕ್ಕಳೊಡನೆ ಕುಳಿತೇ ನಿರ್ಧರಿಸಿದೆವು. ಆ ನಿರ್ಧಾರ ಯಾರಿಗೂ ಸುಖಕರವಾಗಿರಲಿಲ್ಲ.

ಮಕ್ಕಳು ಹೊಸ ಜೀವಿಯೊಂದನ್ನು ಬಾಗಿಲಿಗೆ ತಂದಾಗ ಗದರಿ ಕಳುಹಿಸುವ ತಂದೆಯೂ, ಮರುಮಾತಿಲ್ಲದೆ ಒಳಗೆ ಕರೆಯುವ ತಂದೆಯೂ ತಪ್ಪುಮಾಡುತ್ತಾರೆಂದು ಈಗ ನನಗೆ ತೋರುತ್ತದೆ. ಕೈ ತೊಳೆಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ಪ್ರಶ್ನೆಗಳನ್ನು ಜತೆಯಾಗಿ ಕೇಳುವುದು ಒಳ್ಳೆಯದು. ಇದು ಎಲ್ಲಿಂದ ಬಂದಿತು? ಏನು ತಿನ್ನುತ್ತದೆ? ಎಷ್ಟು ಕಾಲ ಬದುಕುತ್ತದೆ? ಈ ಮೂರಕ್ಕೂ ಉತ್ತರ ದೊರೆಯುವ ಹೊತ್ತಿಗೆ, ಅದನ್ನು ಇಟ್ಟುಕೊಳ್ಳಬೇಕೆ, ಮರಳಿಸಬೇಕೆ ಎಂಬುದನ್ನು ಅನೇಕ ವೇಳೆ ಮಗುವೇ ಹೇಳಿಬಿಡುತ್ತದೆ. ಪ್ರೀತಿ ಮಕ್ಕಳಲ್ಲಿ ಬೇಕಾದಷ್ಟಿದೆ. ಅದಕ್ಕೆ ಕಣ್ಣು ಕೊಡುವುದಷ್ಟೇ ಹಿರಿಯರ ಕೆಲಸ.

ಆ ವರ್ಷ ದೀಪಾವಳಿಗೆ ಎಂದಿನಂತೆ ನನ್ನ ತಾಯಿಗೆ ಸೀರೆ ತರಲು ಹೊರಟಿದ್ದೆ. ಅವರು ಪೆಟ್ಟಿಗೆಯಿಂದ ತಮ್ಮ ಹಳೆಯ ಮಡಿಸೀರೆಯನ್ನು ತೆಗೆದು, ಹರಿದಿದ್ದ ಅಂಚನ್ನು ಸೂಜಿಯಿಂದ ಹೊಲಿಯುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕುಳಿತು ದಾರ ಪೋಣಿಸಿಕೊಡುತ್ತಿದ್ದಳು. ನನ್ನನ್ನು ನೋಡಿ ಅವರು, "ಹೊಸದು ಬೇಡವಪ್ಪ, ಇರುವುದು ಸಾಕು" ಎಂದರು.