ಫುಟ್‌ಪಾತಿನ ಮೇಲೆ ಮಲಗಿದವನ ಸಾಕ್ಷಿ

(ಇಳಕಲ್ಲಿನಲ್ಲಿ ‘ಆಕ್ಸಿಡೆಂಟ್’ ಚಿತ್ರ ತೋರಿಸಿದ ತರುವಾಯ ಕಾಮಗಾರರ ಹಾಗೂ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸಿನೇಮಾ ಮುಗಿದ ಮೇಲೆ ಭಾಷಣ ಕೇಳಲು ಯಾರಿಗೂ ಮನಸ್ಸಿರುವುದಿಲ್ಲ, ಅದು ನನಗೆ ಗೊತ್ತು. ರಾತ್ರಿ ಪಾಳಿಗೆ ಹೋಗುವವರು ಹಿಂದೆ ಗೋಡೆಗೆ ಆತು ನಿಂತಿದ್ದೀರಿ. ನೀವು ನಡುವೆ ಎದ್ದು ಹೋದರೆ ನನಗೆ ಬೇಸರವಿಲ್ಲ, ಪಗಾರ ಕಡಿತವಾದರೆ ತುಂಬಿಕೊಡುವ ಶಕ್ತಿ ನನಗಿಲ್ಲ.

ಈ ಚಿತ್ರ ತೆರೆಗೆ ಬಂದದ್ದು 1985ರಲ್ಲಿ. ಶಂಕರನಾಗರು ನಿರ್ದೇಶಿಸಿ, ತಾವೇ ರವಿ ಎಂಬ ಬಾತ್ಮೀದಾರನ ಪಾತ್ರ ವಹಿಸಿದರು. ಸಾಮಾಜಿಕ ಸಮಸ್ಯೆಯನ್ನು ಕುರಿತ ಉತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರ ಪ್ರಶಸ್ತಿಯೂ ದೊರೆಯಿತು. ತಡವಾಗಿ ಬಂದು ಕುಳಿತವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ರಾತ್ರಿ ನಶೆಯೇರಿದ ಶ್ರೀಮಂತ ಹುಡುಗರ ಕಾರು ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಹಾಯುತ್ತದೆ. ಆ ಹುಡುಗರಲ್ಲೊಬ್ಬನ ತಂದೆ ಧರ್ಮಾಧಿಕಾರಿ ಎಂಬ ಪುಢಾರಿ, ಚುನಾವಣೆಗೆ ನಿಂತವನು. ಅನಂತನಾಗರು ಆ ಪಾತ್ರವನ್ನು ಎಷ್ಟು ಸಭ್ಯವಾಗಿ ಮಾಡಿದ್ದಾರೆಂದರೆ, ನಮ್ಮೂರಿಗೆ ಬಂದರೆ ನಾವೇ ಹಾರ ಹಾಕಿಬಿಡುತ್ತೇವೆ. ಬದುಕುಳಿದವನು ರಾಮಣ್ಣನೊಬ್ಬನೇ. ಕಂಡದ್ದನ್ನು ಹೇಳಬಲ್ಲವನೂ ಅವನೊಬ್ಬನೇ. ಕೊನೆಗೆ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಮುಂದಿನ ವಾರ ಬಾದಾಮಿಯವರು ನೋಡುವವರಿದ್ದಾರೆ, ಅವರ ರಸಭಂಗ ಮಾಡಬಾರದು.

ಈ ಸತ್ತವರು ಯಾರು? ಹೊಟ್ಟೆಪಾಡಿಗಾಗಿ ಹಳ್ಳಿ ಬಿಟ್ಟು ಬಂದವರು. ಹುನಗುಂದದ, ಬಾದಾಮಿಯ ಹಳ್ಳಿಗಳಿಂದ ಪ್ರತಿವರ್ಷ ಮಳೆ ಕೈಕೊಟ್ಟ ಮೇಲೆ ಯಾರು ಗುಳೆ ಹೋಗುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುವ ಬಸ್ಸಿನ ಮೇಲೆ ಬುತ್ತಿಯ ಗಂಟು, ಸಲಿಕೆ, ಹಾಸಿಗೆಯ ಸುರುಳಿ ಕಟ್ಟಿದ್ದನ್ನು ನೀವು ನಿತ್ಯ ನೋಡುತ್ತೀರಿ. ಪರದೆಯ ಮೇಲೆ ಆ ಸಾಲು ಮಲಗಿದ್ದನ್ನು ಕಂಡಾಗ ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು “ಅಯ್ಯ, ನಮ್ಮವರ ಅದಾರ” ಎಂದಳು. ಇಡೀ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಬರೆಯಲಾರೆ.

ಕೆಲವರು ಕೇಳಬಹುದು: ಮಾಸ್ತರ, ಇದು ಸಿನೇಮಾ, ಬಾಳಿನಲ್ಲಿ ಹೀಗೆ ನಡೆಯುತ್ತದೆಯೆ? ಈ ಚಿತ್ರ ಬಂದ ಹದಿನೇಳು ವರ್ಷಗಳ ತರುವಾಯ, 2002ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಬಾಂದ್ರಾದಲ್ಲಿ ಬೇಕರಿಯೊಂದರ ಮುಂದೆ ಮಲಗಿದ್ದ ಕೂಲಿಕಾರರ ಮೇಲೆ ಕಾರೊಂದು ಹಾಯಿತು. ಒಬ್ಬ ಸತ್ತ, ನಾಲ್ವರು ಗಾಯಗೊಂಡರು. ಪ್ರಖ್ಯಾತ ನಟರೊಬ್ಬರ ಮೇಲೆ ಖಟ್ಲೆಯಾಯಿತು. ಮುಖ್ಯ ಸಾಕ್ಷಿಯಾಗಿದ್ದ ಪೊಲೀಸ್ ಪೇದೆ 2007ರಲ್ಲಿ ಕ್ಷಯರೋಗದಿಂದ ತೀರಿಕೊಂಡ. 2015ರ ಮೇ ತಿಂಗಳಲ್ಲಿ ಕೆಳಗಿನ ಕೋರ್ಟು ಐದು ವರ್ಷದ ಶಿಕ್ಷೆ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಪುರಾವೆ ಸಾಲದೆಂದು ನಟರನ್ನು ಬಿಡುಗಡೆ ಮಾಡಿತು. ತೀರ್ಪಿನ ಸರಿತಪ್ಪು ಹೇಳುವ ವಕೀಲ ನಾನಲ್ಲ. ನಾನು ಎಣಿಸುವುದು ವರ್ಷಗಳನ್ನು. ಹದಿಮೂರು ವರ್ಷ ಒಬ್ಬ ಕೂಲಿಕಾರ ಸಾಕ್ಷಿಯಾಗಿ ನಿಂತಿರಬೇಕಾದರೆ ಅವನು ಎಷ್ಟು ದಿನದ ಕೂಲಿ ಬಿಡಬೇಕು? ಲೆಕ್ಕದವರು ಇಲ್ಲಿದ್ದೀರಿ, ಹಾಕಿ ನೋಡಿರಿ.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಸಿನೇಮಾದ ಮಾತು ಹೇಳುತ್ತೇನೆ, ಅದು ಅಮೇರಿಕದ್ದು. 1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ, ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಸಾಮಾನ್ಯ ಕಳುವೆಂದು ಎಲ್ಲರೂ ಬಿಟ್ಟರು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ವುಡ್‌ವರ್ಡ್, ಬರ್ನ್‌ಸ್ಟೀನ್ ಎಂಬ ಇಬ್ಬರು ತರುಣ ಬಾತ್ಮೀದಾರರು ಬಿಡಲಿಲ್ಲ. 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ. 1976ರಲ್ಲಿ ಅದರ ಸಿನೇಮಾ ಬಂತು. ಅದರಲ್ಲಿ ಪಿಸ್ತೂಲು ಹಾರುವುದಿಲ್ಲ, ಬಹುಪಾಲು ಫೋನು ಮತ್ತು ಕಾಗದವೇ. ಆದರೂ ಎದೆ ಡವಗುಟ್ಟುತ್ತದೆ.

ಆ ಖಟ್ಲೆ ಬಿಚ್ಚಿಕೊಂಡದ್ದು ಹೇಗೆ? ಇಪ್ಪತ್ತೈದು ಸಾವಿರ ಡಾಲರಿನ ಒಂದು ಚೆಕ್ಕಿನಿಂದ. ಅಧ್ಯಕ್ಷನ ಚುನಾವಣೆಗೆಂದು ಕೊಟ್ಟ ಹಣ, ಸಿಕ್ಕಿಬಿದ್ದವನೊಬ್ಬನ ಬ್ಯಾಂಕ್ ಖಾತೆಯಲ್ಲಿ ಜಮೆಯಾಗಿತ್ತು! ಆಮೇಲೆ ಚುನಾವಣಾ ಸಮಿತಿಯ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳು, ಹೆದರುತ್ತ ಹೆದರುತ್ತಲೇ, ಯಾರ ಕೈಗೆ ಎಷ್ಟು ರೊಕ್ಕ ಹೋಯಿತೆಂದು ಹೇಳಿದಳು. ಕತ್ತಲೆಯಲ್ಲಿ ಸುಳಿವು ಕೊಡುತ್ತಿದ್ದ ದೊಡ್ಡ ಅಧಿಕಾರಿಯ ಸುದ್ದಿಯೇ ಜಗತ್ತಿಗೆಲ್ಲ ಗೊತ್ತು. ಅವನ ಹೆಸರೂ 2005ರಲ್ಲಿ ಬಯಲಾಯಿತು. ನನಗೆ ಮಾತ್ರ ಆ ಲೆಕ್ಕದ ಹೆಣ್ಣುಮಗಳೇ ದೊಡ್ಡವಳಾಗಿ ಕಾಣುತ್ತಾಳೆ. ನಿಮ್ಮ ಪೇಟೆಯ ಅಡತಿ ಅಂಗಡಿಗಳಲ್ಲಿ ಕಿರ್ದಿ ಬರೆಯುವ ಗುಮಾಸ್ತನಿಗೆ ಇಡೀ ಊರಿನ ಗುಟ್ಟು ಗೊತ್ತಿರುವುದಿಲ್ಲವೆ? ಅವನನ್ನು ಯಾರೂ ಕೇಳುವುದಿಲ್ಲ, ಅಷ್ಟೆ.

ಅಲ್ಲಿಗೂ ನಮ್ಮ ‘ಆಕ್ಸಿಡೆಂಟ್’ ಕಥೆಗೂ ಇರುವ ಭೇದ ಇಲ್ಲೇ ಇದೆ. ಅಲ್ಲಿ ಚೆಕ್ಕು ಇತ್ತು, ಕಿರ್ದಿ ಇತ್ತು, ಬಾತ್ಮೀದಾರರ ಬೆನ್ನಿಗೆ ನಿಂತ ಮಾಲಕಳಿದ್ದಳು. ಇಲ್ಲಿ ರಾಮಣ್ಣನ ಎರಡು ಕಣ್ಣು ಬಿಟ್ಟರೆ ಬೇರೆ ದಫ್ತರವೇ ಇಲ್ಲ. ರವಿ ಎಷ್ಟೇ ಪ್ರಾಮಾಣಿಕನಿರಲಿ, ರಾಮಣ್ಣ ಬಾಯಿ ಬಿಡದಿದ್ದರೆ ಏನು ಬರೆದಾನು? ರಾಮಣ್ಣ ಬಾಯಿ ಬಿಟ್ಟರೆ ಅವನನ್ನು ಯಾರು ಕಾದಾರು?

ಈ ಪ್ರಶ್ನೆಯನ್ನು ನಿಮಗೆ ಕೇಳುವ ಮೊದಲು ನನಗೇ ಕೇಳಿಕೊಳ್ಳಬೇಕಾಗಿದೆ. ನಾನು ಮಾಸ್ತರಕಿ ಮಾಡುತ್ತಿದ್ದ ದಿನಗಳಲ್ಲಿ, ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಹತ್ತಿ ಗಿರಣಿಯಲ್ಲಿ ಮೂರು ಬೆರಳು ಕಳೆದುಕೊಂಡ. ಯಂತ್ರಕ್ಕೆ ಕವಚವಿರಲಿಲ್ಲ. ಹುಡುಗನಿಗೆ ಹೇಳಲು ಹೋದ ನಾನು ಅದನ್ನು ಕಣ್ಣಾರೆ ಕಂಡೆ. ಮರುದಿನ ಅಲ್ಲಿ ಕವಚ ಕೂತಿತ್ತು, ಕಾಮಗಾರ ಕುಡಿದು ಬಂದಿದ್ದನೆಂದು ಕಾಗದವೂ ತಯಾರಾಗಿತ್ತು. ಪತ್ರಿಕೆಯ ಬಾತ್ಮೀದಾರ ಬಂದು ಎಲ್ಲ ಬರೆದುಕೊಂಡು ಹೋದ. ಎಂಟು ದಿನ ಕಾಯ್ದೆವು, ಸುದ್ದಿ ಬರಲಿಲ್ಲ. ಒಂಬತ್ತನೆಯ ದಿನ ಅದೇ ಗಿರಣಿಯ ದೀಪಾವಳಿ ಶುಭಾಶಯದ ಜಾಹೀರಾತು ಅರ್ಧ ಪುಟ ಬಂತು. ಆ ಬಡ ಬಾತ್ಮೀದಾರನನ್ನು ನಾನು ಬಯ್ಯಲಾರೆ. ಜಾಹೀರಾತು ತಂದರೇ ಅವನಿಗೆ ಕಮಿಶನ್, ಅದರಲ್ಲೇ ಅವನ ಸಂಸಾರ. ಬಯ್ಯಬೇಕಾದದ್ದು ನನ್ನನ್ನು. ಶಾಲೆಯ ಮಂಡಳಿಯಲ್ಲಿ ಗಿರಣಿ ಮಾಲಕರ ಬೀಗರಿದ್ದರು. ನಾನು ಕಂಡದ್ದನ್ನು ಯಾರ ಮುಂದೆಯೂ ಹೇಳಲಿಲ್ಲ. ವರ್ಷದ ಮೇಲೆ ನೌಕರಿ ಬಿಟ್ಟು ಆತನ ಮನೆಗೆ ಹೋದೆ. ಆತ ಚಹಾ ಕೊಟ್ಟು, “ಸರ, ಅವತ್ತ ನೀವು ಬಂದಿದ್ರ ಪಂಚನಾಮೆದಾಗ ಒಂದು ಖರೇ ಹೆಸರು ಇರ್ತಿತ್ತ್ರಿ” ಎಂದ. ಅಷ್ಟೇ ಎಂದ. ಆ ಚಹಾ ಇನ್ನೂ ನನ್ನ ಗಂಟಲಲ್ಲೇ ಇದೆ.

ಆದುದರಿಂದ ಪತ್ರಿಕೆಯ ಮಾತನ್ನು ನಾನು ರೊಕ್ಕದ ಮಾತಾಗಿಯೇ ಆಡುತ್ತೇನೆ. 1980ರಲ್ಲಿ ಪಿ. ಲಂಕೇಶರು ತಮ್ಮ ವಾರಪತ್ರಿಕೆ ಆರಂಭಿಸಿದಾಗ ಜಾಹೀರಾತೇ ಬೇಡವೆಂದರು. (ಅವರೂ ಇಂಗ್ಲಿಷ್ ಕಲಿಸುವ ಮೇಷ್ಟ್ರಾಗಿದ್ದವರು, ನಮ್ಮ ಜಾತಿಯವರೇ!) ಓದುಗ ಕೊಟ್ಟ ಬಿಡಿ ಪ್ರತಿಯ ರೊಕ್ಕದ ಮೇಲೆ ಪತ್ರಿಕೆ ನಡೆಯಿತು, ಮಂತ್ರಿಗಳು ಅದಕ್ಕೆ ಹೆದರಿದರು. ಲಂಕೇಶರ ಎಲ್ಲ ಬರಹವೂ ನನಗೆ ಒಪ್ಪಿಗೆಯಲ್ಲ, ಕೆಲವು ಕಡೆ ನಾಲಗೆ ಹರಿದು ಬಿಡುತ್ತಿದ್ದರು. ಆದರೆ ಅವರ ಬಾಯಿಗೆ ಬೀಗ ಹಾಕುವ ಜಾಹೀರಾತುದಾರ ಇರಲಿಲ್ಲ. ತಂದೆಯ ತರುವಾಯ ಪತ್ರಿಕೆ ನಡೆಸಿದ ಮಗಳು ಗೌರಿಯನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಗುಂಡಿಕ್ಕಿ ಕೊಂದರು. ಜಾಹೀರಾತಿನಿಂದ ಕೊಳ್ಳಲಾಗದವರಿಗೆ ಬೇರೆ ಉಪಾಯವಿರುತ್ತದೆ ಎಂಬುದನ್ನೂ ನಾವು ತಿಳಿದೇ ಈ ಕೆಲಸಕ್ಕೆ ಇಳಿಯಬೇಕು.

ಇನ್ನು ಸಾಕ್ಷಿಯ ಮಾತು. ಚಿತ್ರ ಬಂದ ಕಾಲಕ್ಕೆ ಅಜಾಗ್ರತೆಯಿಂದ ಜೀವ ತೆಗೆದವನಿಗೆ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. ಶಿಕ್ಷೆ ಏರಿದರೆ ಸಾಕ್ಷಿಯ ಮೇಲಿನ ಒತ್ತಡವೂ ಏರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯೊಂದಿದೆ. ಗಂಭೀರ ಖಟ್ಲೆಗಳಲ್ಲಿ ಜೀವಭಯವಿರುವ ಸಾಕ್ಷಿ ಅರ್ಜಿ ಕೊಟ್ಟರೆ, ಜಿಲ್ಲಾ ನ್ಯಾಯಾಧೀಶರ ಸಮಿತಿ ಪೊಲೀಸರಿಂದ ವರದಿ ತರಿಸಿ ಕಾವಲಿನ ಏರ್ಪಾಡು ಮಾಡಬೇಕು. ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿದ್ದೀರಿ? ಕೈ ಎತ್ತಿರಿ. ಇಬ್ಬರು. ಅದರಲ್ಲೊಬ್ಬರು ವಕೀಲರು. ಹಾಗೆಯೇ ಫಿರ್ಯಾದಿ ಕೊಟ್ಟವನಿಗೆ ಅದರ ನಕಲನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ “ನಾಳೆ ಬಾ” ಎಂದರೆ ಎದ್ದು ಬರಬೇಡಿರಿ.

ಶಂಕರನಾಗರು 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಾವಣಗೆರೆಯ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಚಿತ್ರೀಕರಣಕ್ಕೆಂದು ನಮ್ಮ ಉತ್ತರದ ಸೀಮೆಯ ಕಡೆಗೇ ಹೊರಟಿದ್ದರು. ವಯಸ್ಸು 35. ನನ್ನ ಓರಗೆಯವರು.

ಈಗ ಕೆಲಸದ ಮಾತು. ಬರುವ ರವಿವಾರ ಬಾದಾಮಿ, ಅದರ ಮುಂದಿನ ವಾರ ಹುನಗುಂದ, ಕೊನೆಗೆ ಬಾಗಲಕೋಟೆ. ಪರದೆಗೆ ಕಟ್ಟಿದ ಈ ಧೋತರ ಹರಿದಿದೆ. ನೇಕಾರ ಬಂಧುಗಳು ಒಂದು ಅಗಲ ಪನ್ನದ ಬಿಳಿ ಬಟ್ಟೆ ಕೊಟ್ಟರೆ ಉಪಕಾರವಾಗುತ್ತದೆ. ಗಿರಣಿಯಲ್ಲಾಗಲಿ, ಕಲ್ಲಿನ ಕ್ವಾರಿಯಲ್ಲಾಗಲಿ ಪೆಟ್ಟಾದುದನ್ನು ಕಂಡವರು ಯಾರಾದರೂ ಇದ್ದರೆ ನಾಳೆ ಸಂಜೆ ಆರರ ಮೇಲೆ ಬರ್ರಿ. ವಕೀಲರೂ ಇರುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಯುತ್ತೇನೆ.